ಗಂಜಿನ ಚುಕ್ತಾ ಬೇರೆ, ಅಮೆರಿಕದ ಚುಕ್ತಾ ಬೇರೆ

ಶರಣಬಸವೇಶ್ವರ ಜಾತ್ರೆಗೆಂದು ಕಲಬುರಗಿಗೆ ಹೋದಾಗ ಅಪ್ಪನ ಕೆರೆಯ ದಂಡೆಯಲ್ಲಿ ಆಳಂದ ಕಡೆಯ ಹಿರಿಯರೊಬ್ಬರು ಸಿಕ್ಕರು. ಅವರ ಮಗಳು ಟೆಕ್ಸಾಸ್‌ನಲ್ಲಿ ಎಂಎಸ್ ಮುಗಿಸಿ ಕೆಲಸದಲ್ಲಿದ್ದಾಳೆ. "ಆಕಿ ಮೊದಲಿದ್ದ ಮನಿದು ಕಿರಾಯಿ ಬಾಕಿ 640 ಡಾಲರ್ ಅದಂತ್ರಿ, ವಸೂಲಿಯವರು ಫೋನ್ ಮಾಡಕತ್ತಾರ. ನಾನೇ ರೊಕ್ಕ ಕಳಿಸ್ತೀನಿ. ಕಟ್ಟಿಬಿಟ್ರ ಸ್ಕೋರ್ ಸರಿ ಆಗ್ತದೇನ್ರಿ?" ಎಂದರು. ಸ್ಕೋರ್ ಅಂದರೆ ಅಲ್ಲಿನ ಕ್ರೆಡಿಟ್ ಸ್ಕೋರ್, ಸಾಲ ಸರಿಯಾಗಿ ತೀರಿಸುವವರೋ ಎಂದು ಅಳೆಯುವ ಅಂಕ. ಹೌದು ಅಂತ ಒಂದೇ ಮಾತಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಅವರಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿಯಿಂದ ಹೋದ ಎಷ್ಟೋ ಮಕ್ಕಳ ತಲೆಯಲ್ಲಿ ಇದೇ ಪ್ರಶ್ನೆ ಇದೆ.

ನಮ್ಮಪ್ಪ ತೊಗರಿ ಬೆಳೆಯುತ್ತಿದ್ದವರು. ಬಿತ್ತನೆಗೆ ಗಂಜಿನ, ಅಂದರೆ ಧಾನ್ಯದ ಪೇಟೆಯ, ಅಡತಿ ಅಂಗಡಿಯಿಂದ ಉದ್ರಿ ತಂದು, ರಾಶಿಯಾದ ಮೇಲೆ ಚೀಲ ಹಾಕಿ ಲೆಕ್ಕ ಮುರಿಯುತ್ತಿದ್ದರು. ಸಾಹುಕಾರರು ಖಾತೆ ಪುಸ್ತಕ ತೆಗೆದು ಅಪ್ಪನ ಹೆಸರಿನ ಕೆಳಗೆ ಅಡ್ಡಗೆರೆ ಎಳೆದು 'ಚುಕ್ತಾ' ಎಂದು ಬರೆದರೆ ಮುಗಿಯಿತು. ಮುಂದಿನ ಮೃಗಶಿರಕ್ಕೆ ಹೋದಾಗ ಹಳೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅಮೆರಿಕದ ಖಾತೆಯಲ್ಲಿ ಹಾಗಲ್ಲ. ಅಲ್ಲಿ ಗೆರೆ ಎಳೆದರೂ ಅಕ್ಷರ ಹಾಗೇ ಉಳಿಯುತ್ತದೆ.

ಬಿಲ್ಲು ಕಟ್ಟದೆ ಕೆಲವು ತಿಂಗಳು ಕಳೆದರೆ ಮೂಲ ಕಂಪನಿ ಆ ಬಾಕಿಯನ್ನು ವಸೂಲಿ ಮಾಡುವ ಕಲೆಕ್ಷನ್ ಏಜೆನ್ಸಿಗೆ ಒಪ್ಪಿಸುತ್ತದೆ, ಇಲ್ಲವೇ ಮಾರಿಯೇ ಬಿಡುತ್ತದೆ. ಏಜೆನ್ಸಿ ಅದನ್ನು ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ, ಜನರ ಸಾಲದ ದಾಖಲೆ ಇಡುವ ಮೂರು ಕ್ರೆಡಿಟ್ ಬ್ಯೂರೋಗಳಿಗೆ ವರದಿ ಮಾಡಬಹುದು. ಹಾಗೆ ಬಂದ ಸಾಲು, ನೀವು ಮೊದಲ ಸಲ ಬಿಲ್ಲು ತಪ್ಪಿಸಿದ ದಿನದಿಂದ ಸುಮಾರು 7 ವರ್ಷ ನಿಮ್ಮ ಕ್ರೆಡಿಟ್ ವರದಿಯಲ್ಲಿ ಇರುತ್ತದೆ. ಕಟ್ಟಿದರೆ ಅದರ ಮುಂದೆ 'ಪಾವತಿಯಾಗಿದೆ' ಎಂದು ಬರುತ್ತದೆ, ಸಾಲು ಮಾತ್ರ ಹೋಗುವುದಿಲ್ಲ. ಬಾಕಿ ಒಂದು ಏಜೆನ್ಸಿಯಿಂದ ಇನ್ನೊಂದಕ್ಕೆ ಮಾರಾಟವಾದರೂ, ನೀವು ಹಣ ಕಟ್ಟಿದರೂ ಆ 7 ವರ್ಷದ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುವುದಿಲ್ಲ. ಯಾರಾದರೂ ದಿನಾಂಕ ತಿದ್ದಿ ಹೊಸದೆಂದು ತೋರಿಸಿದರೆ ಅದು ಕಾನೂನುಬಾಹಿರ.

ಹಾಗಾದರೆ ಸ್ಕೋರ್ ಏರುತ್ತದೋ ಇಲ್ಲವೋ? ಯಾವ ಸ್ಕೋರ್ ಎಂದು ಮೊದಲು ಕೇಳಬೇಕು. ಊರಲ್ಲಿ ಸಿಬಿಲ್ ಅಂದರೆ ಒಂದೇ ಅಂಕ ಎಂದು ನಾವು ತಿಳಿದಿದ್ದೇವೆ. ಅಮೆರಿಕದಲ್ಲಿ ಒಬ್ಬ ಮನುಷ್ಯನಿಗೆ ಹತ್ತಾರು ಅಂಕಗಳಿರುತ್ತವೆ. ಬ್ಯಾಂಕುಗಳು ಬಹಳವಾಗಿ ನೋಡುವ ಫೈಕೋ 8 ಎಂಬ ಅಂಕದ ಸೂತ್ರ, ಮೂಲ ಮೊತ್ತ 100 ಡಾಲರ್‌ಗಿಂತ ಕಡಿಮೆ ಇರುವ ಕಲೆಕ್ಷನ್‌ಗಳನ್ನು, ಅಂದರೆ ವಸೂಲಿಗೆ ಹೋದ ಬಾಕಿಗಳನ್ನು, ಬಿಟ್ಟುಬಿಡುತ್ತದೆ. ಅದಕ್ಕಿಂತ ದೊಡ್ಡದನ್ನು, ಕಟ್ಟಿರಲಿ ಬಿಡಲಿ, ಒಂದೇ ತಕ್ಕಡಿಯಲ್ಲಿ ತೂಗುತ್ತದೆ. 2014ರ ಫೈಕೋ 9, ಆಮೇಲೆ ಬಂದ ಫೈಕೋ 10, ವ್ಯಾಂಟೇಜ್‌ಸ್ಕೋರ್ 3.0 ಮತ್ತು 4.0 ಇವು ಪೂರ್ತಿ ಕಟ್ಟಿದ ಕಲೆಕ್ಷನ್‌ಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗೃಹಸಾಲದವರು ವರ್ಷಗಟ್ಟಲೆ ನೆಚ್ಚಿಕೊಂಡಿರುವುದು ಫೈಕೋ 2, 4, 5 ಎಂಬ ಇನ್ನೂ ಹಳೆಯ ಆವೃತ್ತಿಗಳನ್ನು. ಅವುಗಳ ಲೆಕ್ಕದಲ್ಲಿ ಕಟ್ಟಿದ ಬಾಕಿಯೂ ಕಲೆಯೇ. ಅಂದರೆ ಒಂದೇ 640 ಡಾಲರ್ ಕಟ್ಟಿದ ಮರುತಿಂಗಳು ಮೊಬೈಲ್ ಆ್ಯಪಿನಲ್ಲಿ ಅಂಕ ಮೇಲೇರಬಹುದು, ಕಾರು ಸಾಲದವರ ಕಂಪ್ಯೂಟರಿನಲ್ಲಿ ಇದ್ದಲ್ಲೇ ಇರಬಹುದು. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಇದು ನನಗೇ ಆಗಿದೆ. 2019ರಲ್ಲಿ ಅಮೆರಿಕದಲ್ಲಿ ಮನೆ ಬದಲಿಸಿದಾಗ ಒಂದು ಲ್ಯಾಬಿನ 164 ಡಾಲರ್ ಬಿಲ್ಲು ಹಳೆಯ ವಿಳಾಸಕ್ಕೆ ಹೋಗಿ, ಅಲ್ಲಿಂದ ವಸೂಲಿಯವರ ಕೈ ಸೇರಿತ್ತು. ಗೊತ್ತಾದ ದಿನವೇ ಹೊಟ್ಟೆಯಲ್ಲಿ ಸಂಕಟವಾಗಿ ಫೋನಿನಲ್ಲೇ ಕಾರ್ಡ್ ನಂಬರ್ ಹೇಳಿ ಕಟ್ಟಿದೆ. ಸಾಲ ಇಟ್ಟುಕೊಂಡು ನಿದ್ದೆ ಮಾಡುವುದು ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲ. ತಿಂಗಳು ಕಳೆಯಿತು, ಬ್ಯಾಂಕ್ ತೋರಿಸುತ್ತಿದ್ದ ಅಂಕ ಒಂದು ಗುಂಜಿಯಷ್ಟೂ ಅಲುಗಲಿಲ್ಲ. ಮುಂದೆ 2022ರ ಜುಲೈನಲ್ಲಿ ಮೂರೂ ಬ್ಯೂರೋಗಳು ಕಟ್ಟಿದ ವೈದ್ಯಕೀಯ ಬಾಕಿಗಳನ್ನು ವರದಿಯಿಂದಲೇ ತೆಗೆದುಹಾಕಿದವು, ನನ್ನ ಸಾಲೂ ಅದರ ಜೊತೆ ಹೋಯಿತು. 2023ರ ಏಪ್ರಿಲ್‌ನಿಂದ 500 ಡಾಲರ್‌ಗಿಂತ ಕಡಿಮೆಯ ವೈದ್ಯಕೀಯ ಬಾಕಿ ಕಟ್ಟದಿದ್ದರೂ ವರದಿಗೆ ಬರುವುದಿಲ್ಲ. ಅದಕ್ಕಿಂತ ದೊಡ್ಡದಾದರೆ ವರದಿಗೆ ಬರುವ ಮೊದಲು ಒಂದು ವರ್ಷ ಬಿಡುವು ಉಂಟು. ಎಲ್ಲ ವೈದ್ಯಕೀಯ ಬಾಕಿಯನ್ನೂ ವರದಿಯಿಂದ ಹೊರಗಿಡುವ ಸರ್ಕಾರಿ ನಿಯಮ 2025ರ ಜನವರಿಯಲ್ಲಿ ಬಂದರೂ ಅದೇ ಜುಲೈನಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಅದನ್ನು ರದ್ದು ಮಾಡಿತು. ಹೀಗಾಗಿ ನಿಮ್ಮದು 500 ಡಾಲರ್ ದಾಟಿದ ಆಸ್ಪತ್ರೆ ಬಿಲ್ಲಾದರೆ ಕಟ್ಟುವುದರಿಂದ ಖಂಡಿತ ಲಾಭವಿದೆ, ಕಟ್ಟಿದ ಮೇಲೆ ಸಾಲೇ ಹೋಗುತ್ತದೆ.

ಉಳಿದ ಬಾಕಿಗಳಿಗೆ ನನ್ನ ಮಾತು ಇಷ್ಟು: ಫೋನಿನಲ್ಲಿ ಕಟ್ಟಬೇಡಿ. ನಾನು ಮಾಡಿದ ತಪ್ಪು ಅದೇ. ವಸೂಲಿಯವರು ಮೊದಲ ಸಲ ಮಾತಾಡಿದ 5 ದಿನದೊಳಗೆ ಬಾಕಿ ಯಾರದು, ಎಷ್ಟು ಎಂಬ ವಿವರ ಕೊಡಬೇಕು. ಅದು ಕೈಗೆ ಬಂದ 30 ದಿನದೊಳಗೆ ನೀವು ಬರವಣಿಗೆಯಲ್ಲಿ ತಕರಾರು ಎತ್ತಿದರೆ, ಪುರಾವೆ ಕೊಡುವ ತನಕ ಅವರು ವಸೂಲಿ ನಿಲ್ಲಿಸಬೇಕು. ಪತ್ರ ಬರುವಷ್ಟರಲ್ಲಿ ಆನ್ಯುಯಲ್‌ಕ್ರೆಡಿಟ್‌ರಿಪೋರ್ಟ್ ಡಾಟ್ ಕಾಮ್‌ನಲ್ಲಿ ಮೂರೂ ವರದಿ ತೆಗೆಯಿರಿ, ವಾರಕ್ಕೊಮ್ಮೆ ಪುಕ್ಕಟೆ ಸಿಗುತ್ತವೆ. ಮೊದಲು ತಪ್ಪಿದ ದಿನಾಂಕ ಹುಡುಕಿ.

ಆ ದಿನಾಂಕದ ಮೇಲೆ ಎಲ್ಲ ನಿಂತಿದೆ. ಆರೂವರೆ ವರ್ಷ ಹಳೆಯದಾದರೆ ಕೆಲವೇ ತಿಂಗಳಲ್ಲಿ ವರದಿಯಿಂದ ತಾನೇ ಬೀಳುತ್ತದೆ, ಸ್ಕೋರಿಗಾಗಿ ಅದನ್ನು ಕಟ್ಟುವುದರಲ್ಲಿ ಅರ್ಥವಿಲ್ಲ. ಇದರ ಜೊತೆ ಇನ್ನೊಂದು ಗಡಿಯಾರವೂ ಓಡುತ್ತಿರುತ್ತದೆ. ಕೋರ್ಟಿಗೆ ಹೋಗಲು ವಸೂಲಿಯವರಿಗಿರುವ ಅವಧಿ ರಾಜ್ಯಕ್ಕೊಂದು ತರಹ, ಬಹಳ ಕಡೆ 3ರಿಂದ 6 ವರ್ಷ. ಅವಧಿ ಮುಗಿದ ಬಾಕಿಗೆ ದಾವೆ ಹಾಕುವುದಾಗಲಿ, ಹಾಕುತ್ತೇವೆಂದು ಹೆದರಿಸುವುದಾಗಲಿ ಅವರಿಗೆ ನಿಷಿದ್ಧ. ಆದರೆ "ಸದ್ಯಕ್ಕೆ 20 ಡಾಲರ್ ಹಾಕಿ ಸಾಕು" ಎಂದು ಮೆತ್ತಗೆ ಕೇಳಿದಾಗ ಕೊಟ್ಟುಬಿಟ್ಟರೆ ಹಲವು ರಾಜ್ಯಗಳಲ್ಲಿ ಈ ಗಡಿಯಾರ ಮತ್ತೆ ಮೊದಲಿನಿಂದ ಓಡುತ್ತದೆ. ಕಟ್ಟುವುದಾದರೆ ಪೂರ್ತಿ ಕಟ್ಟಿ, ಇಲ್ಲವೇ ರಾಜಿಯ ಮೊತ್ತವನ್ನು ಮೊದಲು ಕಾಗದದಲ್ಲಿ ಬರೆಸಿಕೊಳ್ಳಿ. ರಾಜಿಯಲ್ಲಿ 600 ಡಾಲರ್ ಅಥವಾ ಹೆಚ್ಚು ಮನ್ನಾ ಆದರೆ 1099-ಸಿ ಎಂಬ ತೆರಿಗೆ ಫಾರ್ಮ್ ಬರಬಹುದು, ಮನ್ನಾ ಆದ ಹಣ ಆ ವರ್ಷದ ಆದಾಯಕ್ಕೆ ಸೇರಿ ತೆರಿಗೆ ಬೀಳಬಹುದು. ಹಣ ಕಟ್ಟಿದರೆ ವರದಿಯಿಂದ ಆ ಸಾಲನ್ನೇ ಅಳಿಸುತ್ತೀರಾ ಎಂದು ಏಜೆನ್ಸಿಯನ್ನು ಕೇಳಬಹುದು, ಕೇಳುವುದು ತಪ್ಪಲ್ಲ. ಒಪ್ಪಲೇಬೇಕೆಂದೇನಿಲ್ಲ, ಬ್ಯೂರೋಗಳಿಗೂ ಅದು ಇಷ್ಟವಿಲ್ಲ.

ಊರಿನ ತಂದೆ-ತಾಯಿಗೆ ಒಂದು ಮಾತು. ಬಾಕಿ ಇದೆ ಎಂದು ಯಾರನ್ನೂ ಜೈಲಿಗೆ ಹಾಕುವುದಿಲ್ಲ, ವೀಸಾ ರದ್ದು ಮಾಡಿಸುತ್ತೇವೆ ಎನ್ನುವ ಬೆದರಿಕೆ ಅಲ್ಲಿನ 1977ರ ವಸೂಲಿ ಕಾನೂನಿಗೆ ವಿರುದ್ಧ. ಬೆಳೆದ ಮಗನ ಸಾಲದ ವಿಷಯವನ್ನು ಯಾದಗಿರಿಯಲ್ಲಿರುವ ತಂದೆಗೆ ಫೋನ್ ಮಾಡಿ ಹೇಳುವ ಹಕ್ಕೂ ಅವರಿಗಿಲ್ಲ. ಅಂಥ ಫೋನ್ ಬಂದರೆ ರೊಕ್ಕದ ಮಾತು ಆಡದೆ ಇಟ್ಟು, ಮಕ್ಕಳಿಗೆ ತಿಳಿಸಿ.

ಸ್ಕೋರ್ ಏರದಿದ್ದರೂ ಕಟ್ಟಬೇಕಾದ ಸಂದರ್ಭಗಳಿವೆ. ಮನೆ ಕೊಳ್ಳುವಾಗ ಸಾಲ ಕೊಡುವವರು ಅಂಕದ ಜೊತೆ ವರದಿಯನ್ನೂ ಓದುತ್ತಾರೆ, ತೆರೆದ ಬಾಕಿ ಕಂಡರೆ ಮುಗಿಸಿ ಬನ್ನಿ ಎನ್ನುತ್ತಾರೆ. ಬಾಡಿಗೆ ಮನೆಯವರಿಗಂತೂ ಹಿಂದಿನ ಮನೆಯ ಬಾಕಿಯೇ ಮೊದಲು ಕಣ್ಣಿಗೆ ಬೀಳುತ್ತದೆ. ಬಾಕಿ ಹೊಸದು, ದಾವೆಯ ಅವಧಿ ಇನ್ನೂ ಇದೆ, ನಿಜಕ್ಕೂ ನಿಮ್ಮದೇ ಎಂದಾದರೆ ಕಟ್ಟಿ. ನಾನಾದರೂ ಕಟ್ಟುತ್ತೇನೆ.

ಆಳಂದದ ಹುಡುಗಿ ಪತ್ರ ತರಿಸಿಕೊಂಡಳು. 640ರಲ್ಲಿ 210 ಡಾಲರ್ ಹರಿದ ಕಾರ್ಪೆಟ್ಟಿನ ಲೆಕ್ಕ. ಮನೆ ಬಿಡುವ ದಿನ ತೆಗೆದ ಫೋಟೋ ಅವಳ ಫೋನಿನಲ್ಲಿತ್ತು, ಕಾರ್ಪೆಟ್ ಎಲ್ಲೂ ಹರಿದಿರಲಿಲ್ಲ. ತಕರಾರು ಬರೆದು ಅಷ್ಟನ್ನು ತೆಗೆಸಿ, ಉಳಿದ 430 ಡಾಲರ್ ಒಂದೇ ಸಲಕ್ಕೆ ಕಟ್ಟಿ, ಬಾಕಿ ಇಲ್ಲವೆಂಬ ಕಾಗದ ಪಡೆದಳು. ಆ್ಯಪಿನ ಅಂಕ ಏರಿತು, ಕಾರು ಸಾಲದವರು ನೋಡಿದ್ದು ಏರಲಿಲ್ಲ. ತಂದೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಆ ಕಾಗದದ ಪ್ರಿಂಟ್ ತೆಗೆಸಿ, ತೊಗರಿ ಪಟ್ಟಿಗಳಿರುವ ಟ್ರಂಕಿನಲ್ಲಿ ಇಟ್ಟಿದ್ದಾರೆ.