ಜೀರುಂಡೆ ಸುಮ್ಮನಾದಾಗ

ಕರೆಂಟು ಹೋದ ರಾತ್ರಿ, ಮಲೆನಾಡಿನ ಒಂದು ಹಳೇ ಮನೆ, ಕೈಯಲ್ಲೊಂದು ಲಾಟೀನು. ನಾನು ಮಾಡಿದ ಆಟದಲ್ಲಿ ಇರುವುದು ಇಷ್ಟೇ. ಬ್ರೌಸರಿನಲ್ಲಿ ತೆರೆದು ಆಡುವುದು, ಇನ್‌ಸ್ಟಾಲ್ ಗಿನ್‌ಸ್ಟಾಲ್ ಏನಿಲ್ಲ. ಏನು ಮಾಡಬೇಕೆಂದು ಎಲ್ಲೂ ಬರೆದಿಲ್ಲ.

ಆಡುವವರು ಕಂಡುಕೊಳ್ಳಬೇಕಾದ್ದು ಒಂದೇ ಒಂದು ನಿಯಮ. ಕೂಗುತ್ತಿರುವ ಜೀರುಂಡೆಯ ಹತ್ತಿರ ಹೆಜ್ಜೆ ಇಟ್ಟರೆ ಅದು ತಟ್ಟನೆ ಸುಮ್ಮನಾಗುತ್ತದಲ್ಲ, ನೆಲದ ಅದುರು ಅದಕ್ಕೆ ತಿಳಿಯುತ್ತದೆ. ಹಾಗಾದರೆ ನೀವು ಕದಲದೆ ನಿಂತಿದ್ದೀರಿ, ಆದರೂ ಹಿತ್ತಿಲ ಕಡೆಯ ಜೀರುಂಡೆ ನಿಂತುಹೋಯಿತು. ಅಲ್ಲಿ ಇನ್ಯಾರೋ ಇದ್ದಾರೆ! ಆ ಮೌನದ ಬೆನ್ನು ಹತ್ತಿದರೆ ಅಟ್ಟದ ಏಣಿ, ಭತ್ತದ ಪತ್ತಾಯದ ಬೀಗದಕೈ ಒಂದೊಂದಾಗಿ ಸಿಗುತ್ತವೆ.

ಕತ್ತಲೆ ಮಾಡುವುದು ಸುಲಭ. ಚಿತ್ರದ ಮೇಲೆ ಇನ್ನೊಂದು ಕಪ್ಪು ಕ್ಯಾನ್ವಾಸ್ ಹಾಸಿ, ಲಾಟೀನು ಇರುವಲ್ಲಿ ಅಂಚು ಮಸುಕಾದ ತೂತು ಕೊರೆದರೆ ಮುಗಿಯಿತು. ಬೆಳಕು ಅಲುಗಾಡಲಿ ಅಂತ ಪ್ರತಿ ಫ್ರೇಮಿಗೂ ತೂತಿನ ಅಳತೆಯನ್ನು ಮನಬಂದಂತೆ ಬದಲಿಸಿದೆ, ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಪಟಪಟ ಹೊಡೆದುಕೊಂಡಿತು. ನಯವಾಗಿ ಏರಿಳಿಯುವ ಎರಡು ನಿಧಾನದ ಸೈನ್ ಅಲೆ ಕೂಡಿಸಿದ ಮೇಲೆ ಬತ್ತಿ ಉಸಿರಾಡಿತು.

ಸದ್ದಿಗೆ ರೆಕಾರ್ಡಿಂಗ್ ಬಳಸಲಿಲ್ಲ. ಬ್ರೌಸರಿನಲ್ಲೇ ಸದ್ದು ಹುಟ್ಟಿಸುವ ವೆಬ್ ಆಡಿಯೋದಲ್ಲಿ ಸುಮಾರು 4,500 ಹರ್ಟ್ಸ್‌ನ ಸ್ವರ, ಮೂರು ಚಿಕ್ಕ ಮಿಡಿತ, ಒಂದು ಬಿಡುವು. ಒಂದೊಂದು ಹುಳಕ್ಕೂ ಶ್ರುತಿ ಚೂರು ಆಚೀಚೆ. ಆದರೆ ಪುಟ ತೆರೆದರೆ ನಿಶ್ಶಬ್ದ! ಬಳಕೆದಾರರು ಮುಟ್ಟುವ ಮುಂಚೆ ಸದ್ದು ಮಾಡಲು ಬ್ರೌಸರುಗಳು ಬಿಡುವುದಿಲ್ಲ. ಅದಕ್ಕೇ ಮೊದಲ ಪರದೆಯಲ್ಲಿ ಆರಿದ ಲಾಟೀನು ಇಟ್ಟೆ. ಮುಟ್ಟಿದರೆ ದೀಪ ಹತ್ತುತ್ತದೆ, ಜೊತೆಗೇ ಜೀರುಂಡೆಗಳೂ ಶುರು. ಆಟದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಹೀಗೆ ಬೇರೆ ದಾರಿಯಿಲ್ಲದೆ ಹುಟ್ಟಿದ್ದು.

ಆಮೇಲೆ ಅಪ್ಪನ ಕೈಗೆ ಮೊಬೈಲ್ ಕೊಟ್ಟೆ. ಹತ್ತು ನಿಮಿಷ ನಡುಮನೆಯಲ್ಲೇ ಸುತ್ತಿದರು. ಬಾಯಿ ಬಿಡಬಾರದೆಂದು ಹಲ್ಲು ಕಚ್ಚಿ ಕೂತಿದ್ದೆ. ಕೊನೆಗೆ, ‘ಎಲ್ಲೋ ನಿನ್ನ ಜೀರುಂಡೆ?’ ಅಂದರು. ವಾಲ್ಯೂಮ್ ಪೂರ್ತಿ ಇತ್ತು. ಎಪ್ಪತ್ತೆರಡರ ಕಿವಿಗೆ ಅಷ್ಟು ಎತ್ತರದ ಶ್ರುತಿಯ ದನಿ ಬೀಳುತ್ತಿರಲಿಲ್ಲ. ಆಟದ ಇಡೀ ಗುಟ್ಟನ್ನು ನಾನು ಅವರಿಗೆ ಕೇಳದ ಜಾಗದಲ್ಲಿ ಬಚ್ಚಿಟ್ಟಿದ್ದೆ. ಮೊಬೈಲನ್ನು ಸೈಲೆಂಟಿನಲ್ಲೇ ಇಟ್ಟುಕೊಳ್ಳುವವರಿಗೂ ಇದೇ ಗತಿ.

ಶ್ರುತಿ ಇಳಿಸಿ ನೋಡಿದೆ, ಕಪ್ಪೆಯಾಯಿತು. ಕೊನೆಗೆ ಪ್ರತಿ ಜೀರುಂಡೆಯ ಮೇಲೂ ಒಂದು ಮಿಂಚುಹುಳು ಕೂರಿಸಿದೆ. ಸದ್ದು ನಿಂತರೆ ಅದೂ ಆರುತ್ತದೆ. ನಿಜದ ಮಿಂಚುಹುಳು ಹೆಜ್ಜೆಗೆ ಹೆದರಿ ಆರುತ್ತದೆಯೇ ಅಂತ ಕೀಟ ಬಲ್ಲವರು ಕೇಳಿದರೆ ನಾನು ಮಾತು ಮರೆಸುತ್ತೇನೆ.

ಮುಂದಿನ ವಾರ ಅಪ್ಪ ಮತ್ತೆ ಆಡಿದರು. ಹಿತ್ತಿಲ ಬಾಗಿಲ ಬಳಿ ಎರಡು ಚುಕ್ಕಿ ಆರಿದವು. ಅವರ ಬೆರಳು ಪರದೆಯ ಮೇಲೇ ನಿಂತಿತು. ಕನ್ನಡಕ ಸರಿಮಾಡಿಕೊಂಡು, ದನಿ ತಗ್ಗಿಸಿ, ‘ಯಾರೋ ಬಂದ್ರು ಕಣೋ’ ಅಂದರು.