ಮಧ್ಯಾಹ್ನದೊಳಗೆ ದಡ ಸೇರಬೇಕು: ವರ್ಜಿನ್ ದ್ವೀಪಗಳಲ್ಲಿ ಪವರ್‌ಬೋಟ್ ನಡೆಸಿದ ನನ್ನ ಅನುಭವ

ಕೆರಿಬಿಯನ್ ಸಮುದ್ರದ ಬ್ರಿಟಿಷ್ ವರ್ಜಿನ್ ದ್ವೀಪಗಳ ಯಾವ ಬಂದರಿನಲ್ಲಿ ನಿಂತು ನೋಡಿದರೂ ಹಾಯಿಕಂಬಗಳ ಕಾಡೇ ಕಾಣುತ್ತದೆ. ಅಲ್ಲಿಗೆ ದೋಣಿ ಬಾಡಿಗೆಗೆ ಹೋಗುವವರಲ್ಲಿ ಬಹುಪಾಲು ಜನ ಹಾಯಿದೋಣಿಯನ್ನೇ ಕೇಳುತ್ತಾರೆ. ನಾವು ತೆಗೆದುಕೊಂಡದ್ದು ಎರಡು ಡೀಸೆಲ್ ಎಂಜಿನ್‌ಗಳ ಪವರ್ ಕ್ಯಾಟಮರಾನ್. ಎರಡು ಒಡಲುಗಳ ಮೇಲೆ ಕೂರಿಸಿದ ಒಂದು ಪುಟ್ಟ ಮನೆ ಎನ್ನಬಹುದಾದ ದೋಣಿ ಅದು. ಮೂರು ಮಲಗುವ ಕೋಣೆ, ಒಂದು ಅಡುಗೆಮನೆ, ಮೇಲೆ ಚುಕ್ಕಾಣಿ ಹಿಡಿಯುವ ಜಾಗ. ನಾನು ಫ್ಲಾರಿಡಾದಲ್ಲಿ ಪವರ್‌ಬೋಟ್ ತರಬೇತಿ ಪಡೆದವಳು. ಅಲ್ಲಿನ ಬಿಸ್ಕೇನ್ ಕೊಲ್ಲಿಯಲ್ಲಿ ವರ್ಷಗಟ್ಟಲೆ ಸಣ್ಣ ದೋಣಿಗಳನ್ನು ನಡೆಸಿದ್ದೇನೆ. ಚಾಲಕರಿಲ್ಲದೆ ದೋಣಿ ಕೊಡುವ ಮುನ್ನ ಬಾಡಿಗೆ ಸಂಸ್ಥೆಗಳು ಕೇಳುವುದು ಇದನ್ನೇ: ಯಾವ ಅಳತೆಯ ದೋಣಿಯನ್ನು, ಎಲ್ಲಿ, ಎಷ್ಟು ಕಾಲ ನಡೆಸಿದ್ದೀರಿ? ಅನುಭವ ಕಡಿಮೆ ಎನಿಸಿದರೆ ಮೊದಲ ಒಂದೆರಡು ದಿನ ಸ್ಥಳೀಯ ಕ್ಯಾಪ್ಟನ್ ಒಬ್ಬರನ್ನು ಜೊತೆಗೆ ಕಳಿಸುತ್ತಾರೆ. ಹಾಗೆ ಕಳಿಸಿದರೆ ಖರ್ಚು ಹೆಚ್ಚಾಯಿತೆಂದು ಬೇಸರಿಸಬಾರದು. ಆ ಜನರಿಗೆ ಗೊತ್ತಿರುವುದು ಯಾವ ನಕ್ಷೆಯಲ್ಲೂ ಇಲ್ಲ.

ನನ್ನ ಜೊತೆಗಿದ್ದವರು ಗಂಡ, ಶಿವಮೊಗ್ಗದಿಂದ ಬಂದ ಅಣ್ಣ, ಅತ್ತಿಗೆ ಮತ್ತು ಅವರ ಕಾಲೇಜು ಓದುವ ಮಗ. ಏಪ್ರಿಲ್ ಕೊನೆಯ ದಿನಗಳನ್ನು ಆರಿಸಿಕೊಂಡೆವು. ಅಲ್ಲಿ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ ವರ್ಷವಿಡೀ ಇರುತ್ತದೆ. ಡಿಸೆಂಬರ್, ಜನವರಿಗಳಲ್ಲಿ ಅದು ಬಿರುಸಾಗಿರುತ್ತದೆ, ಉತ್ತರದ ದೂರದ ಬಿರುಗಾಳಿಗಳು ಎಬ್ಬಿಸಿದ ಉದ್ದನೆಯ ಅಲೆಗಳೂ ಬಂದು ಬಡಿಯುತ್ತವೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಇವೆರಡರ ನಡುವಿನ ವಾರಗಳಲ್ಲಿ ಸಮುದ್ರ ಮೆತ್ತಗಿರುತ್ತದೆ, ಜನರೂ ಕಡಿಮೆ.

ಈ ದ್ವೀಪಗಳ ದೊಡ್ಡ ಅನುಕೂಲವೆಂದರೆ ಒಂದರಿಂದ ಇನ್ನೊಂದು ಕಣ್ಣಿಗೆ ಕಾಣುತ್ತದೆ. ಉತ್ತರದಲ್ಲಿ ಟೊರ್ಟೋಲಾ, ದಕ್ಷಿಣದಲ್ಲಿ ನಾರ್ಮನ್, ಪೀಟರ್, ಸಾಲ್ಟ್, ಕೂಪರ್, ಜಿಂಜರ್ ದ್ವೀಪಗಳ ಸಾಲು, ನಡುವೆ ಸರ್ ಫ್ರಾನ್ಸಿಸ್ ಡ್ರೇಕ್ ಕಾಲುವೆ. ತೆರೆದ ಸಾಗರದ ಏಟನ್ನು ಆ ಸಾಲು ತಡೆದು ನಿಲ್ಲಿಸುತ್ತದೆ. ಉಬ್ಬರವಿಳಿತದ ವ್ಯತ್ಯಾಸ ಅರ್ಧ ಮೀಟರಿನ ಆಸುಪಾಸು. ನಮ್ಮ ಪಡುಗಡಲಿನ ಅಳಿವೆಗಳಲ್ಲಿ ಮೀನುಗಾರರು ಲೆಕ್ಕ ಹಾಕುವಂತೆ ನೀರಿನ ಹೊತ್ತನ್ನು ಕಾಯಬೇಕಾದ ಪ್ರಸಂಗ ಇಲ್ಲಿ ಬರುವುದೇ ಇಲ್ಲ.

ಎಂಜಿನ್ ದೋಣಿಯ ನಿಜವಾದ ಲಾಭ ವೇಗವಲ್ಲ. ತಲುಪುವ ಹೊತ್ತು ಮೊದಲೇ ಗೊತ್ತಿರುತ್ತದೆ ಎಂಬುದೇ ಅದರ ಲಾಭ. ಹಾಯಿದೋಣಿ ಗಾಳಿಗೆ ಎದುರಾಗಿ ಹೋಗುವಾಗ ಅಂಕುಡೊಂಕಾಗಿ ಸಾಗಬೇಕು, ನಾವು ನೇರವಾಗಿ ಹೋಗಬಹುದು. ಬೆಳಿಗ್ಗೆ ಎಂಟಕ್ಕೆ ಹೊರಟರೆ ಹನ್ನೊಂದರೊಳಗೆ ಮುಂದಿನ ಕೊಲ್ಲಿಯಲ್ಲಿರುತ್ತೇವೆ. ಹಿಂದಿನ ರಾತ್ರಿ ತಂಗಿದ್ದವರು ಹೊರಡುತ್ತಿರುವ ಹೊತ್ತು ಅದು, ಜಾಗ ಸಿಗುತ್ತದೆ. ಸೂರ್ಯ ಮೇಲೇರಿರುವುದರಿಂದ ನೀರಿನ ಬಣ್ಣ ಓದಬಹುದು. ಆಮೇಲಿನ ಇಡೀ ದಿನ ದ್ವೀಪಕ್ಕೇ ಮೀಸಲು. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಪ್ರತಿದಿನದ ಯೋಜನೆ ಹಾಕಿದೆ. ಮಧ್ಯಾಹ್ನದ ಮೇಲೆ ಎಂಜಿನ್ ಚಾಲೂ ಮಾಡುವ ಪ್ರಸಂಗ ಬಹಳ ಕಡಿಮೆ ಬಂತು.

ವೇಗದ ಬೆಲೆಯನ್ನೂ ಹೇಳಬೇಕು. ನಮ್ಮ ದೋಣಿ ಎಂಟು ನಾಟ್ (ಗಂಟೆಗೆ ಎಂಟು ನಾಟಿಕಲ್ ಮೈಲಿ) ವೇಗದಲ್ಲಿ ಡೀಸೆಲನ್ನು ಮಿತವಾಗಿ ಕುಡಿಯುತ್ತಿತ್ತು. ಹದಿನಾರಕ್ಕೆ ಏರಿಸಿದರೆ ಗಂಟೆಯ ಖರ್ಚು ನಾಲ್ಕು ಪಟ್ಟಿನ ಹತ್ತಿರ ಹೋಗುತ್ತಿತ್ತು. ಅಂದರೆ ಅಷ್ಟೇ ದೂರಕ್ಕೆ ಎರಡು ಪಟ್ಟು ಎಣ್ಣೆ. ಬಾಡಿಗೆಯಲ್ಲಿ ಇಂಧನ ಸೇರಿರುವುದಿಲ್ಲ. ಆದ್ದರಿಂದ ಕಾಲುವೆಯೊಳಗೆ ಎಂಟು, ತೆರೆದ ಸಾಗರ ದಾಟುವಾಗ ಮಾತ್ರ ಹದಿನೈದು ಎಂದು ನಿಯಮ ಮಾಡಿಕೊಂಡೆ. ಕೊಲ್ಲಿಯೊಳಗೆ ಬಂದ ಮೇಲೆ ಐದಕ್ಕಿಂತ ಕಡಿಮೆ. ಈ ಕೊನೆಯದು ಹಣದ ಮಾತಲ್ಲ. ದೋಣಿ ಎಬ್ಬಿಸುವ ಅಲೆ ನಿಂತಿರುವ ದೋಣಿಗಳ ಒಲೆಯ ಮೇಲಿನ ಪಾತ್ರೆ ಉರುಳಿಸುತ್ತದೆ, ನೀರಿನಲ್ಲಿ ಈಜುವವರಿಗೆ ಅಪಾಯ ತರುತ್ತದೆ.

ಸಮುದ್ರದ ಗುರುತುಗಳ ವಿಷಯದಲ್ಲಿ ಭಾರತ, ಯುರೋಪುಗಳಲ್ಲಿ ಕಲಿತು ಬಂದವರು ವಿಶೇಷವಾಗಿ ಎಚ್ಚರವಾಗಿರಬೇಕು. ಬಂದರಿಗೆ ಬರುವಾಗ ನಮ್ಮಲ್ಲಿ ಕೆಂಪು ಬೋಯ್, ಅಂದರೆ ದಾರಿ ತೋರುವ ತೇಲುಗುರುತು, ಎಡಕ್ಕಿರುತ್ತದೆ. ಅಮೆರಿಕ ಖಂಡಗಳಲ್ಲಿಯೂ ಕೆರಿಬಿಯನ್‌ನಲ್ಲಿಯೂ ಅದು ಬಲಕ್ಕಿರಬೇಕು. ರಾತ್ರಿ ದೋಣಿ ನಡೆಸುವುದನ್ನು ಬಾಡಿಗೆಯ ಕರಾರೇ ನಿಷೇಧಿಸುತ್ತದೆ, ಅದು ಸರಿಯಾಗಿಯೇ ಇದೆ.

ಇನ್ನು ಮೂರಿಂಗ್. ಸಮುದ್ರದ ತಳಕ್ಕೆ ಬಿಗಿದ ತೇಲುಗುಂಡಿಗೆ ದೋಣಿಯನ್ನು ಕಟ್ಟುವ ಈ ಕೆಲಸ ಪ್ರವಾಸದ ಪ್ರತಿದಿನವೂ ಬರುತ್ತದೆ, ಚೆನ್ನಾಗಿ ಬಂದರೆ ಉಳಿದದ್ದೆಲ್ಲ ಹಗುರ. ಲಂಗರು ಹಾಕಿದರೆ ಹವಳವೂ ಕಡಲಹುಲ್ಲೂ ಕಿತ್ತು ಬರುತ್ತವೆ. ಆದ್ದರಿಂದ ಮೂರಿಂಗ್ ಇರುವಲ್ಲಿ ಅದನ್ನೇ ಬಳಸಬೇಕು. ಕ್ಯಾಟಮರಾನ್‌ನ ಎರಡು ಎಂಜಿನ್‌ಗಳ ನಡುವೆ ಸಾಕಷ್ಟು ಅಂತರವಿರುತ್ತದೆ. ಚುಕ್ಕಾಣಿಯನ್ನು ನೇರಕ್ಕೆ ನಿಲ್ಲಿಸಿ, ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಹಾಕಿದರೆ ದೋಣಿ ನಿಂತಲ್ಲೇ ತಿರುಗುತ್ತದೆ. ಆದರೆ ಒಡಲು ಎತ್ತರ, ಮೂತಿಯನ್ನು ಗಾಳಿ ಪಕ್ಕಕ್ಕೆ ತಳ್ಳುತ್ತಲೇ ಇರುತ್ತದೆ. ಹೀಗಾಗಿ ಯಾವಾಗಲೂ ಗಾಳಿಗೆ ಮುಖ ಮಾಡಿಯೇ ತೇಲುಗುಂಡನ್ನು ಸಮೀಪಿಸಬೇಕು. ಮುಂದೆ ಅಣ್ಣ ಕೊಕ್ಕೆಯ ಕೋಲು ಹಿಡಿದು ನಿಲ್ಲುತ್ತಿದ್ದ. ಕೋಲಿನಿಂದಲೇ ತೇಲುಗುಂಡು ಇರುವ ದಿಕ್ಕು ತೋರಿಸುತ್ತಿದ್ದ, ಏಕೆಂದರೆ ಕೊನೆಯ ಕೆಲವು ಮೀಟರ್‌ಗಳಲ್ಲಿ ಅದು ನನಗೆ ಕಾಣುವುದಿಲ್ಲ. "ಅಣ್ಣಾ, ಕೂಗಬೇಡ, ಕೈಯಲ್ಲಿ ಹೇಳು" ಎಂದು ಮೊದಲ ದಿನವೇ ಹೇಳಿದ್ದೆ. ಎಂಜಿನ್ ಸದ್ದಿನಲ್ಲಿ ಕೂಗು ಕೇಳುವುದಿಲ್ಲ, ಕೇಳಿದರೂ ಅರ್ಧ ಕೇಳುತ್ತದೆ. ತೇಲುಗುಂಡಿನ ಹಗ್ಗದ ಕುಣಿಕೆ ಕೈಗೆ ಸಿಕ್ಕ ಮೇಲೆ ನಮ್ಮದೇ ಎರಡು ಹಗ್ಗಗಳನ್ನು ಅದರೊಳಗೆ ತೂರಿಸಿ, ಒಂದನ್ನು ಎಡ ಒಡಲಿಗೆ, ಇನ್ನೊಂದನ್ನು ಬಲ ಒಡಲಿಗೆ ಮರಳಿ ಕಟ್ಟಬೇಕು. ಆಗ ದೋಣಿ ಅತ್ತಿತ್ತ ಓಲಾಡದೆ ನಿಲ್ಲುತ್ತದೆ. ಕಟ್ಟಿದ ಬಳಿಕ ನನ್ನ ಗಂಡ ಮುಖವಾಡ ಹಾಕಿ ನೀರಿಗೆ ಇಳಿದು ಕೆಳಗಿನ ಸರಪಳಿ, ಕೊಂಡಿಗಳನ್ನು ನೋಡಿ ಬರುತ್ತಿದ್ದ. ಅವನು ಮೇಲೆ ಬಂದು ಹೆಬ್ಬೆರಳು ಎತ್ತಿದ ಮೇಲಷ್ಟೇ ನಾನು ಎಂಜಿನ್ ಆರಿಸುತ್ತಿದ್ದುದು.

ನಾವು ಮೊದಲು ಹೋದದ್ದು ಪೂರ್ವಕ್ಕೆ, ಗಾಳಿಗೆ ಎದುರಾಗಿ. ದೂರದ, ಕಷ್ಟದ ದಾರಿ ಮೊದಲು ಮುಗಿದರೆ ಮರಳುವಾಗ ಗಾಳಿ ಬೆನ್ನಿಗಿರುತ್ತದೆ. ವರ್ಜಿನ್ ಗೋರ್ಡಾ ದ್ವೀಪದ ಬಾತ್ಸ್ ಎಂಬಲ್ಲಿ ಮನೆಯಷ್ಟು ದೊಡ್ಡ ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ಒರಗಿಕೊಂಡು ಒಳಗೆ ನೀರಿನ ಕೋಣೆಗಳಾಗಿವೆ. ಅಲ್ಲಿ ಉದ್ಯಾನ ಇಲಾಖೆಯ ಮೂರಿಂಗ್‌ಗಳನ್ನು ಹಗಲು ತೊಂಬತ್ತು ನಿಮಿಷ ಮಾತ್ರ ಬಳಸಬಹುದು, ದಡದಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ಇಳಿಯುವಂತಿಲ್ಲ. ಬೇಗ ಹೊರಟವರಿಗೆ ಆ ಕೋಣೆಗಳು ಹೆಚ್ಚುಕಡಿಮೆ ಖಾಲಿ ಸಿಗುತ್ತವೆ.

ಅದೇ ದ್ವೀಪದ ನಾರ್ತ್ ಸೌಂಡ್ ಎಂಬ ಕೊಲ್ಲಿಯಲ್ಲಿ ರಾತ್ರಿ ಕಳೆದು ಮರುದಿನ ಅನೆಗಾಡಾಕ್ಕೆ ಹೊರಟೆವು. ಇಡೀ ಪ್ರವಾಸದಲ್ಲಿ ನನ್ನ ಮನಸ್ಸು ನಿಂತಿರುವುದು ಈ ದ್ವೀಪದ ಮೇಲೆ. ಉಳಿದವೆಲ್ಲ ಜ್ವಾಲಾಮುಖಿಯಿಂದ ಎದ್ದ ಬೆಟ್ಟಗಳು. ಇದೊಂದು ಸುಣ್ಣಕಲ್ಲು, ಹವಳಗಳ ಚಪ್ಪಟೆ ಹಲಗೆ, ಅದರ ಅತಿ ಎತ್ತರದ ಜಾಗವೂ ಸಮುದ್ರದಿಂದ ಎಂಟೂವರೆ ಮೀಟರ್ ಅಷ್ಟೇ. ಆಗ್ನೇಯಕ್ಕೆ ಹಾರ್ಸ್‌ಶೂ ಎಂಬ ಹವಳದ ದಿಬ್ಬ ಸುಮಾರು 29 ಕಿಲೋಮೀಟರ್ ಚಾಚಿದೆ, ಶತಮಾನಗಳಿಂದ ಅದು ನೂರಾರು ಹಡಗುಗಳನ್ನು ಒಡೆದಿದೆ. ಹದಿನಾಲ್ಕು ನಾಟಿಕಲ್ ಮೈಲಿಯ ದಾರಿಯಲ್ಲಿ ಬಹುಹೊತ್ತು ಮುಂದೆ ಏನೂ ಕಾಣುವುದಿಲ್ಲ. ಆಮೇಲೆ ನೀರಿನ ಅಂಚಿನಿಂದ ಮರಗಳ ತುದಿ ಏಳುತ್ತವೆ, ಅವುಗಳ ಕೆಳಗೆ ನೆಲವಿದೆ ಎಂದು ತಿಳಿಯಲು ಇನ್ನಷ್ಟು ಹೊತ್ತು ಬೇಕು. ಇಲ್ಲಿ ಹದಿನೈದು ನಾಟ್ ಓಡಿಸಿದೆ, ಒಂದು ಗಂಟೆಯಲ್ಲಿ ದಾಟಿದೆವು. ಅನೆಗಾಡಾಕ್ಕೆ ಒಳಹೋಗುವ ಕಾಲುವೆಯ ಬಾಯಿಯ ಗುರುತುಗಳು ಕಂಡ ಕೂಡಲೇ ನಿಧಾನಿಸಿ, ಅಣ್ಣನ ಮಗನನ್ನು ಪೋಲರಾಯ್ಡ್ ಕನ್ನಡಕ ಹಾಕಿಸಿ ಮುಂದೆ ನಿಲ್ಲಿಸಿದೆ. ಕಡುನೀಲಿ ಎಂದರೆ ಆಳ, ತಿಳಿಹಸಿರು ಎಂದರೆ ಮರಳು, ಕಂದು ಎಂದರೆ ಹವಳ. ಸೂರ್ಯ ಬೆನ್ನ ಹಿಂದೆ ಅಥವಾ ನೆತ್ತಿಯ ಮೇಲಿದ್ದರೆ ಈ ಮೂರು ಬಣ್ಣಗಳು ಗೆರೆ ಎಳೆದಂತೆ ಬೇರೆಬೇರೆಯಾಗಿ ಕಾಣುತ್ತವೆ. ಸಂಜೆ ಇಳಿಬಿಸಿಲಿನಲ್ಲಿ ಎಲ್ಲವೂ ಒಂದೇ ಬೆಳ್ಳಿ. ಮಧ್ಯಾಹ್ನದೊಳಗೆ ತಲುಪಬೇಕೆಂಬ ನನ್ನ ಹಠಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಅನೆಗಾಡಾದ ಬಾರ್‌ಗಳು ಮರಳಿನ ಮೇಲೆಯೇ ಇವೆ. ತಗಡಿನ ಮಾಡು, ಬಣ್ಣ ಬಳಿದ ಕುರ್ಚಿಗಳು, ಉತ್ತರ ದಂಡೆಯ ಲೋಬ್ಲಾಲಿ ಕೊಲ್ಲಿ ಮತ್ತು ಕೌ ರೆಕ್ ಬೀಚುಗಳಲ್ಲಿ ದಿಬ್ಬದಾಚೆ ಒಡೆಯುವ ಅಲೆಯ ಸದ್ದು. ದೋಣಿಯನ್ನು ದಕ್ಷಿಣ ದಂಡೆಯಲ್ಲಿ ಬಿಟ್ಟು ತೆರೆದ ಟ್ಯಾಕ್ಸಿಯಲ್ಲಿ ಅಲ್ಲಿಗೆ ಹೋಗಬೇಕು. ರಾತ್ರಿಯೂಟಕ್ಕೆ ಲಾಬ್‌ಸ್ಟರ್ ಬೇಕೆಂದರೆ ಮಧ್ಯಾಹ್ನವೇ ರೇಡಿಯೊ ಅಥವಾ ಫೋನಿನಲ್ಲಿ ತಿಳಿಸಬೇಕು, ಅಷ್ಟು ಮಾತ್ರ ನೀರಿನ ಬೋನಿನಿಂದ ತೆಗೆಯುತ್ತಾರೆ. ಉದ್ದಕ್ಕೆ ಸೀಳಿದ ಎಣ್ಣೆ ಪೀಪಾಯಿಯಲ್ಲಿ ಸೌದೆ ಉರಿಸಿ ಸುಡುತ್ತಾರೆ. ದ್ವೀಪದ ಉಪ್ಪಿನ ಕೆರೆಗಳಲ್ಲಿ ಫ್ಲೆಮಿಂಗೊಗಳಿವೆ. ಒಂದು ಕಾಲದಲ್ಲಿ ಇಲ್ಲಿ ಪೂರ್ತಿ ಕಣ್ಮರೆಯಾಗಿದ್ದ ಹಕ್ಕಿಗಳನ್ನು ಹೊರಗಿನಿಂದ ತಂದು ಮತ್ತೆ ನೆಲೆಗೊಳಿಸಿದ್ದಾರೆ. ದೂರದಿಂದಲೇ ನೋಡಬೇಕು, ಅತ್ತಿಗೆಗೆ ಅಷ್ಟೇ ಸಾಕಾಯಿತು.

ಅತ್ತಿಗೆ ಸಸ್ಯಾಹಾರಿ, ಮದ್ಯ ಮುಟ್ಟುವವರಲ್ಲ. ಬೀಚ್ ಬಾರ್‌ಗಳ ಪ್ರವಾಸದಲ್ಲಿ ಅವರಿಗೇನಿದೆ ಎಂದು ಹೊರಡುವ ಮುಂಚೆ ನನಗೆ ಚಿಂತೆಯಿತ್ತು. ಟೊರ್ಟೋಲಾದ ಮುಖ್ಯ ಪಟ್ಟಣ ರೋಡ್ ಟೌನಿನಲ್ಲೇ ಅದಕ್ಕೆ ಉತ್ತರ ಸಿಕ್ಕಿತ್ತು: ರೋಟಿ. ಕಡಲೆಕಾಳು, ಆಲೂಗಡ್ಡೆಯ ಸಾರು ತುಂಬಿ ಮಡಚಿದ ದೊಡ್ಡ ರೊಟ್ಟಿ ಅದು. 1845ರಲ್ಲಿ ಫತೇಲ್ ರಜಾಕ್ ಹಡಗು ಟ್ರಿನಿಡಾಡ್‌ಗೆ ಮೊದಲ ಬಾರಿ ಭಾರತದ ಕೂಲಿಯಾಳುಗಳನ್ನು ಹೊತ್ತು ಬಂದಿತು. ಅವರ ಅಡುಗೆ ಅಲ್ಲಿಂದ ದ್ವೀಪ ದ್ವೀಪಕ್ಕೆ ಹಬ್ಬಿತು. ಆ ಜನರ ಕಷ್ಟವನ್ನು ನೆನೆದುಕೊಂಡೇ ಅತ್ತಿಗೆ ಅದನ್ನು ತಿಂದರು. ಇನ್ನೊಂದು, ಫಂಗಿ. ಮುಸುಕಿನ ಜೋಳದ ಹಿಟ್ಟಿಗೆ ಬೆಂಡೆಕಾಯಿ ಸೇರಿಸಿ ಕೋಲಿನಿಂದ ತಿರುವಿ ಕಟ್ಟುವ ಉಂಡೆ, ನಮ್ಮ ಮುದ್ದೆಯ ಸಂಬಂಧಿಕನೇ ಸರಿ. ಮೀನಿನ ಬದಲು ತರಕಾರಿಯ ಜೊತೆ ಕೊಡಿ ಎಂದು ಕೇಳಿದರೆ ಸಂತೋಷದಿಂದ ಕೊಟ್ಟರು. ದೋಣಿಯ ಅಡುಗೆಮನೆಯಲ್ಲಿ ಬೆಳಗಿನ ಉಪ್ಪಿಟ್ಟು, ಅವಲಕ್ಕಿ ನಡೆದೇ ಇತ್ತು.

ಅಲ್ಲಿಂದ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಪಶ್ಚಿಮದ ಜೋಸ್ಟ್ ವ್ಯಾನ್ ಡೈಕ್‌ಗೆ ಬಂದೆವು. ಮುನ್ನೂರರ ಆಸುಪಾಸಿನ ಜನರಿರುವ ಈ ಗುಡ್ಡದ ದ್ವೀಪದಲ್ಲಿ ವೈಟ್ ಬೇ ಎಂಬ ಬೆಳ್ಳನೆಯ ಮರಳಿನ ಕೊಲ್ಲಿಯಿದೆ. ಸೋಗಿ ಡಾಲರ್ ಬಾರ್ ಅಲ್ಲಿಯೇ. ಜೆಟ್ಟಿ ಇಲ್ಲ. ದೋಣಿಯಿಂದ ಈಜಿ ಬಂದವರು ಒದ್ದೆ ನೋಟು ಕೊಡುತ್ತಾರೆ, ಈ ಬ್ರಿಟಿಷ್ ಆಡಳಿತದ ದ್ವೀಪಗಳಲ್ಲಿ ಚಲಾವಣೆಯಲ್ಲಿರುವುದು ಅಮೆರಿಕದ ಡಾಲರ್. ಪೇನ್‌ಕಿಲ್ಲರ್ ಎಂಬ ಪಾನೀಯ 1970ರ ದಶಕದಲ್ಲಿ ಹುಟ್ಟಿದ್ದು ಇಲ್ಲಿ: ರಮ್, ಅನಾನಸ್ ಮತ್ತು ಕಿತ್ತಳೆಯ ರಸ, ಸಿಹಿ ತೆಂಗಿನ ಕೆನೆ, ಮೇಲೆ ತುರಿದ ಜಾಯಿಕಾಯಿ. ಅತ್ತಿಗೆ ರಮ್ ಬಿಟ್ಟು ಕುಡಿದರು, ನಾನೂ ಹಗಲಿನಲ್ಲಿ ಹಾಗೆಯೇ. ದೋಣಿ ರಾತ್ರಿಗೆಂದು ಕಟ್ಟಿ, ದಡಕ್ಕೆ ಹೋಗಿಬರುವ ಪುಟ್ಟ ದೋಣಿ ಡಿಂಗಿಯನ್ನು ಬೇರೆಯವರ ಕೈಗೆ ಕೊಟ್ಟ ಮೇಲಷ್ಟೇ ನನ್ನ ಲೋಟಕ್ಕೆ ರಮ್. ಕೊಲ್ಲಿಯ ಬಾಯಿಗೆ ಹವಳದ ಅಡ್ಡಗೋಡೆ ಇದೆ, ಒಳಗೆ ನೀರು ತೆಳು. ಆದ್ದರಿಂದ ದೋಣಿಯನ್ನು ಪಕ್ಕದ ಗ್ರೇಟ್ ಹಾರ್ಬರ್‌ನಲ್ಲಿ ಕಟ್ಟಿ ಗುಡ್ಡ ದಾಟಿ ಬಂದೆವು. ಇಪ್ಪತ್ತು ನಿಮಿಷದ ಏರಿಳಿತದ ನಡಿಗೆ, ಮೇಲಿನಿಂದ ಎರಡೂ ಕೊಲ್ಲಿಗಳು ಕಾಣುತ್ತವೆ.

ಗ್ರೇಟ್ ಹಾರ್ಬರ್‌ನ ಫಾಕ್ಸೀಸ್ ಶುರುವಾದದ್ದು 1968ರಲ್ಲಿ. ಫಾಕ್ಸಿ ಕ್ಯಾಲ್‌ವುಡ್ ಬರಿಗಾಲಿನಲ್ಲಿ ಗಿಟಾರ್ ಹಿಡಿದು ಎದುರಿಗೆ ಕುಳಿತವರ ಮೇಲೆಯೇ ಆಶುವಾಗಿ ಹಾಡು ಕಟ್ಟುವುದಕ್ಕೆ ಹೆಸರಾದವರು. ಇಂಥ ಬಾರ್‌ಗಳನ್ನು ಕುಡಿಯುವ ಜಾಗ ಎಂದಷ್ಟೇ ತಿಳಿದರೆ ದ್ವೀಪ ಅರ್ಥವಾಗುವುದಿಲ್ಲ. ಒಂದೊಂದೂ ಒಂದು ಮನೆತನದ ಹೊಟ್ಟೆಪಾಡು, ಊರಿನ ಸುದ್ದಿ ಸೇರುವ ಜಗಲಿ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಈ ದ್ವೀಪಗಳ ಮೇಲೆ ನೇರವಾಗಿ ಹಾದುಹೋಯಿತು, ಮಾಡುಗಳನ್ನು ಕಿತ್ತೆಸೆಯಿತು. ನಾರ್ಮನ್ ದ್ವೀಪದ ತೇಲುವ ಬಾರ್ ವಿಲ್ಲಿ ಟೀ ದಡಕ್ಕೆ ಎಸೆಯಲ್ಪಟ್ಟಿತು. ಆ ಹಳೆಯ ಹಡಗನ್ನು ಪೀಟರ್ ದ್ವೀಪದ ಬಳಿ ಮುಳುಗಿಸಿ ಮುಳುಗುಗಾರರ ತಾಣ ಮಾಡಿದರು, ಹೊಸ ಹಡಗು ತಂದು ಬಾರ್ ಮತ್ತೆ ತೆರೆದರು. ಹಿಡಿಯಷ್ಟು ಜನ ಹೀಗೆ ಎದ್ದು ನಿಂತದ್ದನ್ನು ನೋಡಿದ ಮೇಲೆ, ದೋಣಿಯಲ್ಲೇ ಅಡುಗೆ ಮಾಡಿಕೊಂಡು ದಡದಲ್ಲಿ ಒಂದು ಪೈಸೆಯೂ ಬಿಡದೆ ಹೊರಡುವ ಪ್ರವಾಸ ನನಗೆ ಸರಿ ಕಾಣಲಿಲ್ಲ. ದಿನಕ್ಕೆ ಒಂದು ಊಟವಾದರೂ ದಡದಲ್ಲೇ ಎಂದು ನಿರ್ಧರಿಸಿಕೊಂಡಿದ್ದೆವು.

ಕೊನೆಗೆ ದಕ್ಷಿಣದ ಸಾಲು. ಸಾಲ್ಟ್ ದ್ವೀಪದ ಬಳಿ 1867ರ ಅಕ್ಟೋಬರ್ ಚಂಡಮಾರುತದಲ್ಲಿ ಬಂಡೆಗೆ ಬಡಿದು ಒಡೆದ ಅಂಚೆ ಹಡಗು ರೋನ್ ಮಲಗಿದೆ. ತಣ್ಣೀರು ಕಾದ ಬಾಯ್ಲರುಗಳಿಗೆ ನುಗ್ಗಿ ಸ್ಫೋಟವಾಯಿತು, ನೂರಕ್ಕೂ ಹೆಚ್ಚು ಜನ ಸತ್ತರು. ಹಿಂಭಾಗ ಆಳವಿಲ್ಲದ ನೀರಿನಲ್ಲಿದೆ. ತಿಳಿಯಾದ ಬೆಳಗಿನಲ್ಲಿ ಮುಖವಾಡ ಹಾಕಿ ಮೇಲೆ ತೇಲುತ್ತಿದ್ದರೂ ಅದರ ದೊಡ್ಡ ಪ್ರೊಪೆಲರ್ ಕಾಣುತ್ತದೆ. ಅದು ಸಮಾಧಿಯೂ ಹೌದು, ಏನನ್ನೂ ಮುಟ್ಟಬಾರದು, ಲಂಗರಂತೂ ಹಾಕಲೇಬಾರದು.

ದೋಣಿ ಮರಳಿಸುವ ಬೆಳಿಗ್ಗೆ ಡೀಸೆಲ್ ಪಂಪಿನ ಮುಂದೆ ಸಾಲು ಬೆಳೆಯುತ್ತದೆ. ಬೇಗ ಏಳುವ ಅಭ್ಯಾಸ ಅಲ್ಲಿಯೂ ನೆರವಾಯಿತು, ನಾವೇ ಮೊದಲಿಗರು. ದೋಣಿ ಕೊಡುವಾಗ ಬಾಡಿಗೆ ಸಂಸ್ಥೆಯವರು ಅಂದಾಜಿಸಿದ್ದ ಇಂಧನದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಖರ್ಚಾಗಿತ್ತು. ಉಳಿದ ಹಣದ ಲೆಕ್ಕ ಅಣ್ಣನ ಮಗ ಅಲ್ಲೇ ಹಾಕಿದ: ಮುಂದಿನ ಸಲ ಅನೆಗಾಡಾದಲ್ಲಿ ಒಂದು ರಾತ್ರಿಯ ಬದಲು ಮೂರು ರಾತ್ರಿ.