ಮಂಗಳೂರು, ಉಡುಪಿಯ ಹೋಟೆಲಲ್ಲಿ ಹಾಲು-ತುಪ್ಪ ಇಲ್ಲದ್ದನ್ನು ಕೇಳಿ ತಿನ್ನುವ ಕ್ರಮ

"ಹಾಲು ಹಾಕಬೇಡಿ" ಎಂದಷ್ಟೇ ಹೇಳಿದರೆ ಸಪ್ಲೈಯರ್ ಹಾಲನ್ನು ಮಾತ್ರ ಬಿಡುತ್ತಾರೆ. ಮೊಸರು, ತುಪ್ಪ ನಮ್ಮ ಕಡೆ ಬೇರೆಯೇ ಲೆಕ್ಕ. ಚಾತುರ್ಮಾಸ್ಯದ ಅಡುಗೆಯಲ್ಲೂ ಹಾಗೆಯೇ: ದಧಿವ್ರತದಲ್ಲಿ ಮೊಸರು ವರ್ಜ್ಯ, ಹಾಲು ನಡೆಯುತ್ತದೆ, ಕ್ಷೀರವ್ರತದಲ್ಲಿ ಹಾಲು ವರ್ಜ್ಯ, ಮೊಸರು ನಡೆಯುತ್ತದೆ. ಆದ್ದರಿಂದ ಬಿಡಿಸಿ ಹೇಳಿ: "ಅಣ್ಣಾ, ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಯಾವುದೂ ಆಗೂದಿಲ್ಲ. ಅಲರ್ಜಿ ಉಂಟು." ತುಳುವಿನಲ್ಲಾದರೆ "ನೆಯಿ ಪಾಡೊಡ್ಚಿ" (ತುಪ್ಪ ಹಾಕಬೇಡಿ) ಎಂಬುದನ್ನೂ ಸೇರಿಸಿ. ಸಂಶಯವಿದ್ದರೆ ಒಳಗಿರುವ ಅಡುಗೆ ಭಟ್ರನ್ನೇ ಕೇಳಿಸಿ. ಹಿಟ್ಟಿಗೆ ಏನು ಬಿದ್ದಿದೆ ಎಂದು ಗೊತ್ತಿರುವುದು ಅವರಿಗೆ.

ಮೊದಲು ತಿಳಿಯಬೇಕಾದ್ದು, ಹಾಲಿನಂಶ ಹಿಟ್ಟಿನೊಳಗೇ ಸೇರಿದೆಯೋ ಮೇಲಿಂದ ಬೀಳುತ್ತದೋ ಎಂಬುದು. ಮೇಲಿಂದ ಬೀಳುವುದನ್ನು ತಡೆಯಬಹುದು, ಹಿಟ್ಟಿನಲ್ಲಿರುವುದನ್ನು ತೆಗೆಯಲಾಗದು. ಗೋಳಿಬಜೆ ಮತ್ತು ಬನ್ಸ್‌ನ ಮೈದಾ ಹಿಟ್ಟನ್ನು ಹುಳಿ ಮೊಸರಲ್ಲಿ ಕಲಸುತ್ತಾರೆ. ರವೆ ಇಡ್ಲಿಗೆ ಮೊಸರು, ರವೆ ದೋಸೆಗೆ ಬಹಳ ಕಡೆ ಮಜ್ಜಿಗೆ. ಇವನ್ನು ಬಿಟ್ಟುಬಿಡಿ.

ನಂಬಿ ತಿನ್ನಬಹುದಾದವು ಹಬೆಯಲ್ಲಿ ಬೆಂದವು: ಅಕ್ಕಿ-ಉದ್ದಿನ ಇಡ್ಲಿ, ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಮೂಡೆ, ಕೊಟ್ಟೆ ಕಡುಬು, ಕೆಸುವಿನೆಲೆಯ ಪತ್ರೊಡೆ. ಬಡಿಸುವಾಗ ಮೇಲೆ ತುಪ್ಪ ಬೇಡವೆಂದರೆ ಸಾಕು. ನೀರುದೋಸೆಯ ಹಿಟ್ಟು ಅಕ್ಕಿ, ಉಪ್ಪು, ಕೆಲವೆಡೆ ತೆಂಗಿನಕಾಯಿ, ಅಷ್ಟೇ. ತೊಂದರೆ ಇರುವುದು ಕಾವಲಿಯಲ್ಲಿ. ತುಪ್ಪದ ದೋಸೆ ಹೊಯ್ದ ಅದೇ ಕಾವಲಿಗೆ ನೀರು ಚಿಮುಕಿಸಿ ಹಿಡಿಸೂಡಿಯಲ್ಲಿ ಗುಡಿಸಿದರೆ ಕಾವು ಇಳಿಯುತ್ತದೆ, ಜಿಡ್ಡು ಪೂರ್ತಿ ಹೋಗುವುದಿಲ್ಲ. ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಮಾತ್ರ ಒಗ್ಗದವರಿಗೆ ಇಷ್ಟರಿಂದ ಸಾಮಾನ್ಯವಾಗಿ ಏನೂ ಆಗದು, ತುಪ್ಪದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಲಿನ ಪ್ರೋಟೀನಿನ ಅಲರ್ಜಿ ಇದ್ದವರು ಕಾವಲಿಯ ತಿಂಡಿಗೆ ಹೋಗದಿರುವುದೇ ಕ್ಷೇಮ. ಚಟ್ನಿಗೆ ಮೊಸರು ಹಾಕಿದ್ದಾರೆಯೇ ಎಂದೂ ಕೇಳಿ.

ಊಟಕ್ಕೆ ಕೂತಾಗ ಅನ್ನ ಬಡಿಸುವ ಮೊದಲೇ ತುಪ್ಪ ಬೇಡವೆನ್ನಿ. ಬಿದ್ದ ಮೇಲೆ ಹೇಳಿ ಪ್ರಯೋಜನವಿಲ್ಲ. ತಂಬುಳಿ, ಮಜ್ಜಿಗೆಹುಳಿ, ಸಾಸಿವೆ ಎಂಬ ಪದಾರ್ಥ ಬೇಡ. ಸಾರು, ಪಲ್ಯದ ಒಗ್ಗರಣೆ ತೆಂಗಿನೆಣ್ಣೆಯದೋ ತುಪ್ಪದ್ದೋ ಕೇಳಿ. ಕಡಲೆಬೇಳೆ ಪಾಯಸ ತೆಂಗಿನಹಾಲಿನದ್ದಾದರೂ ಗೋಡಂಬಿಯನ್ನು ತುಪ್ಪದಲ್ಲಿ ಹುರಿದು ಹಾಕುವ ವಾಡಿಕೆ ಉಂಟು.

ಮೀನು ತಿನ್ನುವವರಿಗೆ ಕರಾವಳಿ ಒಳ್ಳೆಯ ಊರು. ಬಂಗುಡೆ ಪುಳಿಮುಂಚಿ, ತೆಂಗಿನಕಾಯಿ ಅರೆದ ಗಸಿ, ಎಣ್ಣೆಯಲ್ಲಿ ಕಾಯಿಸಿದ ರವಾ ಫ್ರೈ, ಇವಕ್ಕೆಲ್ಲ ಹಾಲಿನ ಅಗತ್ಯವೇ ಇಲ್ಲ. ಕೋರಿ (ಕೋಳಿ) ರೊಟ್ಟಿಯ ಸಾರಿಗೂ ಸುಕ್ಕಕ್ಕೂ ಮಸಾಲೆಯನ್ನು ಕೆಲವರು ತುಪ್ಪದಲ್ಲಿ ಹುರಿಯುತ್ತಾರೆ, ಕೇಳದೆ ಮುಟ್ಟಬೇಡಿ. ಘೀ ರೋಸ್ಟ್‌ನಲ್ಲಿ ತುಪ್ಪವೂ ಮೊಸರೂ ಎರಡೂ ಇರುತ್ತವೆ.

ಕುಡಿಯಲು ಬೊಂಡ (ಎಳನೀರು), ಪುನರ್ಪುಳಿ (ಕೋಕಂ) ಶರಬತ್ತು, ಲೆಮನ್ ಟೀ. ಇಲ್ಲಿಯ ಹೋಟೆಲಿನ ಕಷಾಯಕ್ಕೆ ಹಾಲು ಹಾಕುವುದೇ ರೂಢಿ, ಆರೋಗ್ಯದ ಪಾನೀಯವೆಂದು ಹೊರಗಿನವರು ಮೋಸಹೋಗುತ್ತಾರೆ. ಜ್ಯೂಸ್ ಅಂಗಡಿಯಲ್ಲಿ ಚಿಕ್ಕು, ಬಟರ್‌ಫ್ರೂಟ್ ಹಾಲಿನಲ್ಲೇ ಆಗುವುದು. ಕಲ್ಲಂಗಡಿ, ಮುಸಂಬಿ ಕೇಳಿ, ಜಾರ್ ತೊಳೆಸಿ. ಕೆಫೆಯಲ್ಲಿ ಓಟ್ ಅಥವಾ ಸೋಯಾ ಹಾಲು ಇದ್ದರೂ ನೊರೆ ಬರಿಸುವ ಜಗ್ ಬೇರೆಯದ್ದೇ ಆಗಬೇಕು, ಸ್ಟೀಮ್ ನಳಿಗೆಯನ್ನು ಒರೆಸಿ ಹಬೆ ಬಿಟ್ಟಿರಬೇಕು. 'ನಾನ್-ಡೈರಿ ಕ್ರೀಮರ್' ಎಂದರೆ ಪ್ಯಾಕೆಟ್ ತೋರಿಸಲು ಹೇಳಿ. ಅಂಥ ಪುಡಿಗಳಲ್ಲಿ ಹಲವಕ್ಕೆ ಸೋಡಿಯಂ ಕೆಸಿನೇಟ್ ಸೇರಿಸಿರುತ್ತಾರೆ, ಅದು ಹಾಲಿನದೇ ಪ್ರೋಟೀನು.